ಡೋವರ್ ಊರಿನ ಒಂದು ನಿಮಿಷ

ಹೋದ ತಿಂಗಳು ಅಕ್ಕನ ಮಗ ರಜೆಗೆ ಅಂತ ಮನೆಗೆ ಬಂದಿದ್ದ. ಮೊದಲನೇ ಪಿಯುಸಿ, ಸೈನ್ಸು. ರಾತ್ರಿ ಊಟಕ್ಕೆ ಕೂತಾಗ ಇದ್ದಕ್ಕಿದ್ದ ಹಾಗೆ ಕೇಳಿದ, "ಮಾಮ, ಡಾರ್ವಿನ್ ಹೇಳಿದ್ದು ಬರೀ ಥಿಯರಿ ಅಂತೆ, ಪ್ರೂವ್ ಆಗೇ ಇಲ್ವಂತೆ. ಹೌದಾ?"

ಯಾರೋ ಹೇಳಿದ್ದು ಅಂದೆ. ಯಾವುದೋ ವೀಡಿಯೊ ನೋಡಿದ್ದನಂತೆ. "ಥಿಯರಿ ಅಂದ್ರೆ ಊಹೆ ಅಲ್ಲ ಕಣೋ" ಅಂತ ಶುರು ಮಾಡಿದೆ. ಅವನು ಮೇಲಿಂದ ಮೇಲೆ ಪ್ರಶ್ನೆ ಎಸೆದ. ಕಣ್ಣು ತಾನಾಗೇ ಹೇಗೆ ಆಯ್ತು, ಮಂಗ ಈಗ ಯಾಕೆ ಮನುಷ್ಯ ಆಗ್ತಿಲ್ಲ, ಎರಡೂ ಕಡೆ ಹೇಳಿಕೊಟ್ಟರೆ ತಪ್ಪೇನು. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ನಾನು ಸುಸ್ತು. ಅದರಲ್ಲೂ ಕೊನೆಯ ಪ್ರಶ್ನೆ ನನ್ನನ್ನು ಕಟ್ಟಿಹಾಕಿತು. ಎರಡೂ ಕಡೆ ಹೇಳಿಕೊಡೋದು ನ್ಯಾಯ ತಾನೆ? ಕೇಳಿದವರಿಗೆ ಹೌದಲ್ವಾ ಅನ್ನಿಸುವ ಮಾತು ಅದು. ಆ ಮಾತಿನ ಹಿಂದೆ ಒಂದು ಇತಿಹಾಸ ಇದೆ, ನಾಳೆ ಒಂದು ಸಾಕ್ಷ್ಯಚಿತ್ರ ತೋರಿಸ್ತೀನಿ, ನೋಡಿ ನೀನೇ ಹೇಳು ಅಂದೆ.

ನಾವು ನೋಡಿದ್ದು 'ಜಡ್ಜ್‌ಮೆಂಟ್ ಡೇ: ಇಂಟೆಲಿಜೆಂಟ್ ಡಿಸೈನ್ ಆನ್ ಟ್ರಯಲ್'. ಅಮೆರಿಕದ ಪಿಬಿಎಸ್ ವಾಹಿನಿಯ 'ನೋವಾ' ಮಾಲಿಕೆಯಲ್ಲಿ 2007ರ ನವೆಂಬರ್ 13ರಂದು ಪ್ರಸಾರವಾದದ್ದು. ಸುಮಾರು ಎರಡು ಗಂಟೆಯ ಚಿತ್ರ. ಪೆನ್ಸಿಲ್ವೇನಿಯಾ ರಾಜ್ಯದ ಡೋವರ್ ಅನ್ನುವ ಸಣ್ಣ ಊರಿನ ಶಾಲೆಯಲ್ಲಿ ಎದ್ದ ಜಗಳ, ಅದು ಕೋರ್ಟು ಮೆಟ್ಟಿಲು ಹತ್ತಿದ್ದು, ಅಲ್ಲಿ ಏನಾಯ್ತು ಅನ್ನೋದೇ ಕಥೆ. ಕೋರ್ಟಿನೊಳಗೆ ಕ್ಯಾಮೆರಾಗೆ ಅನುಮತಿ ಇರಲಿಲ್ಲ. ಹಾಗಾಗಿ ಅಲ್ಲಿ ನಡೆದ ಸವಾಲು-ಜವಾಬನ್ನು ಕೋರ್ಟಿನ ದಾಖಲೆಯಿಂದಲೇ ತೆಗೆದು ನಟರಿಂದ ಆಡಿಸಿದ್ದಾರೆ. ನಡುನಡುವೆ ನಿಜವಾದ ಮನುಷ್ಯರು ಬಂದು ಮಾತಾಡುತ್ತಾರೆ. ಟೀಚರುಗಳು, ಅಪ್ಪ ಅಮ್ಮಂದಿರು, ಬೋರ್ಡಿನವರು, ವಿಜ್ಞಾನಿಗಳು, ಕೊನೆಗೆ ನ್ಯಾಯಾಧೀಶರು.

*

ಕಥೆ ಎಲ್ಲಿಂದ ಶುರು ಮಾಡೋದು? ನನ್ನ ಪ್ರಕಾರ ಒಂದು ಚಿತ್ರಪಟದಿಂದ. ಡೋವರ್ ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿ ಒಬ್ಬ ಹಳೇ ವಿದ್ಯಾರ್ಥಿ ಬರೆದುಕೊಟ್ಟ ದೊಡ್ಡ ಚಿತ್ರ ಇತ್ತು. ವಾನರದಂಥ ಪೂರ್ವಜರಿಂದ ಮನುಷ್ಯನವರೆಗಿನ ಸಾಲು. 2002ರಲ್ಲಿ ಒಂದು ದಿನ ಅದು ಅಲ್ಲಿ ಇರಲಿಲ್ಲ. ಶಾಲೆಯ ಕಟ್ಟಡ ನೋಡಿಕೊಳ್ಳುವ ನೌಕರನೊಬ್ಬ ಅದನ್ನು ಹೊರಗೆ ಒಯ್ದು ಸುಟ್ಟುಹಾಕಿದ್ದ. ದೊಡ್ಡ ಗಲಾಟೆ ಏನೂ ಆಗಲಿಲ್ಲ. ಆದರೆ ಮುಂದೆ ಬರಲಿದ್ದದ್ದರ ವಾಸನೆ ಆ ಹೊಗೆಯಲ್ಲೇ ಇತ್ತು.

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಊರಿನವರೇ ಚುನಾವಣೆಯಲ್ಲಿ ಆರಿಸಿದ ಸ್ಕೂಲ್ ಬೋರ್ಡು. ಡೋವರ್ ಬೋರ್ಡಿನಲ್ಲಿ ಒಂಬತ್ತು ಜನ. 2004ರಲ್ಲಿ ಜೀವಶಾಸ್ತ್ರದ ಹೊಸ ಪಠ್ಯಪುಸ್ತಕ ತರಿಸಬೇಕು ಅಂತ ಟೀಚರುಗಳು ಕೇಳಿದರು. ಕೆನೆತ್ ಮಿಲ್ಲರ್ ಮತ್ತು ಜೋಸೆಫ್ ಲೆವಿನ್ ಬರೆದ, ದೇಶದ ತುಂಬ ಓದಿಸುತ್ತಿದ್ದ ಪುಸ್ತಕ ಅದು. ಬೋರ್ಡಿನ ಪಠ್ಯಕ್ರಮ ಸಮಿತಿಯ ಮುಖ್ಯಸ್ಥ ವಿಲಿಯಂ ಬಕಿಂಗ್‌ಹ್ಯಾಮ್ ಅದಕ್ಕೆ ಅಡ್ಡಗಾಲು ಹಾಕಿದರು. ಪುಸ್ತಕದ ತುಂಬ ಡಾರ್ವಿನ್ನೇ ತುಂಬಿದ್ದಾನೆ, ಸೃಷ್ಟಿಯ ವಿಷಯವೂ ಇರಬೇಕು ಅನ್ನೋದು ಅವರ ತಕರಾರು. ಮೀಟಿಂಗುಗಳಲ್ಲಿ ಮಾತು ಬಿಸಿಯಾಯಿತು. ಎರಡು ಸಾವಿರ ವರ್ಷದ ಹಿಂದೆ ಶಿಲುಬೆಯ ಮೇಲೆ ಪ್ರಾಣ ಬಿಟ್ಟವನ ಪರವಾಗಿ ಯಾರಾದರೂ ನಿಲ್ಲಬಾರದೇ ಎಂಬರ್ಥದ ಮಾತನ್ನು ಅವರು ಆಡಿದರೆಂದು ಸ್ಥಳೀಯ ಪತ್ರಿಕೆಗಳಲ್ಲಿ ವರದಿಯಾಯಿತು.

ಅದೇ ಹೊತ್ತಿಗೆ ಶಾಲೆಗೆ ಇನ್ನೊಂದು ಪುಸ್ತಕ ಬಂತು. 'ಆಫ್ ಪಾಂಡಾಸ್ ಅಂಡ್ ಪೀಪಲ್'. ಅರವತ್ತು ಪ್ರತಿ, ಉಚಿತವಾಗಿ, ಕೊಟ್ಟವರ ಹೆಸರಿಲ್ಲದೆ. ಜೀವಿಗಳ ರಚನೆ ಎಷ್ಟು ಜಟಿಲವಾಗಿದೆ ಅಂದರೆ ಅದನ್ನು ಯಾರೋ ಬುದ್ಧಿವಂತ ವಿನ್ಯಾಸಕ ಮಾಡಿರಲೇಬೇಕು ಅನ್ನುವುದು ಅದರ ವಾದ. ಇದಕ್ಕೇ ಇಂಟೆಲಿಜೆಂಟ್ ಡಿಸೈನ್ ಅಂತ ಹೆಸರು. ಆ ವಿನ್ಯಾಸಕ ಯಾರು ಅಂತ ಪುಸ್ತಕ ಹೇಳುವುದಿಲ್ಲ. ದೇವರು ಅನ್ನುವ ಪದದಿಂದ ಎಚ್ಚರಿಕೆಯಿಂದ ದೂರ ನಿಲ್ಲುತ್ತದೆ. ಯಾಕೆ ಅನ್ನೋದನ್ನು ಆಮೇಲೆ ನೋಡೋಣ.

2004ರ ಅಕ್ಟೋಬರ್ 18ರ ರಾತ್ರಿ ಬೋರ್ಡು ವೋಟು ಹಾಕಿತು. ಪರವಾಗಿ ಆರು, ವಿರುದ್ಧ ಮೂರು. ಡಾರ್ವಿನ್ ಸಿದ್ಧಾಂತದಲ್ಲಿ ಇರುವ ಕೊರತೆಗಳನ್ನೂ, ಇಂಟೆಲಿಜೆಂಟ್ ಡಿಸೈನ್ ಸೇರಿದಂತೆ ಬೇರೆ ಸಿದ್ಧಾಂತಗಳನ್ನೂ ಮಕ್ಕಳ ಗಮನಕ್ಕೆ ತರಬೇಕು ಅಂತ ನಿರ್ಣಯ. ವಿರುದ್ಧ ವೋಟು ಹಾಕಿದವರಲ್ಲಿ ಕೆರೊಲ್ ಬ್ರೌನ್, ಜೆಫ್ ಬ್ರೌನ್ ಅನ್ನುವ ಗಂಡ ಹೆಂಡತಿ ಇದ್ದರು. ಇಬ್ಬರೂ ಅವತ್ತೇ ರಾಜೀನಾಮೆ ಕೊಟ್ಟರು.

ನಿರ್ಣಯ ಜಾರಿಯಾದದ್ದು ಹೇಗೆ ಗೊತ್ತಾ? ಒಂಬತ್ತನೇ ತರಗತಿಯಲ್ಲಿ ವಿಕಾಸದ ಪಾಠ ಶುರುವಾಗುವ ಮುಂಚೆ ಟೀಚರು ನಾಲ್ಕು ಪ್ಯಾರಾದ ಒಂದು ಹೇಳಿಕೆ ಓದಬೇಕು. ಅಷ್ಟೇ. ಗಟ್ಟಿಯಾಗಿ ಓದಿದರೆ ಒಂದು ನಿಮಿಷದ ಕೆಲಸ. ಡಾರ್ವಿನ್ನನದು ಥಿಯರಿ, ಸತ್ಯಸಂಗತಿ ಅಲ್ಲ, ಅದರಲ್ಲಿ ಸಾಕ್ಷ್ಯವಿಲ್ಲದ ತೂತುಗಳಿವೆ, ಇಂಟೆಲಿಜೆಂಟ್ ಡಿಸೈನ್ ಅನ್ನೋದು ಇನ್ನೊಂದು ವಿವರಣೆ, ಬೇಕಾದವರು 'ಪಾಂಡಾಸ್' ಪುಸ್ತಕ ನೋಡಬಹುದು ಅನ್ನೋದು ಅದರ ಸಾರಾಂಶ.

ಇಲ್ಲಿ ಅಕ್ಕನ ಮಗ ಚಿತ್ರ ನಿಲ್ಲಿಸಿದ. "ಒಂದು ನಿಮಿಷಕ್ಕೆ ಇಷ್ಟೊಂದು ಗಲಾಟೆನಾ ಮಾಮ?"

ಟೀಚರುಗಳಿಗೆ ಅದು ಒಂದು ನಿಮಿಷದ ವಿಷಯ ಆಗಿರಲಿಲ್ಲ. ಡೋವರ್ ಹೈಸ್ಕೂಲಿನ ಜೀವಶಾಸ್ತ್ರದ ಟೀಚರುಗಳು ಒಟ್ಟಾಗಿ ಪತ್ರ ಬರೆದು, ನಾವು ಓದುವುದಿಲ್ಲ ಅಂದರು. ಕಲಿಸುವ ವಿಷಯವನ್ನು ಗೊತ್ತಿದ್ದೂ ತಿರುಚಿ ಹೇಳಬಾರದು ಅಂತ ಶಿಕ್ಷಕರ ನಡತೆಯ ನಿಯಮದಲ್ಲೇ ಇದೆ, ಇದು ವಿಜ್ಞಾನ ಅಂತ ನಾವೇ ಮಕ್ಕಳ ಮುಂದೆ ಹೇಳಿದರೆ ಆ ನಿಯಮ ಮುರಿದ ಹಾಗೆ ಅನ್ನೋದು ಅವರ ನಿಲುವು. ನೆನಪಿಡಿ, ಇವರು ದೊಡ್ಡ ಯೂನಿವರ್ಸಿಟಿಯ ಪ್ರೊಫೆಸರುಗಳಲ್ಲ. ಸಣ್ಣ ಊರಿನ ಹೈಸ್ಕೂಲು ಮೇಷ್ಟರು, ಟೀಚರುಗಳು. ಸಂಬಳ ಕೊಡುವ ಬೋರ್ಡಿಗೇ ಎದುರು ನಿಂತಿದ್ದರು. 2005ರ ಜನವರಿಯಲ್ಲಿ ಆಡಳಿತದ ಅಧಿಕಾರಿಗಳೇ ತರಗತಿಗೆ ಬಂದು ಹೇಳಿಕೆ ಓದಿದರು. ಓದುವಾಗ ಟೀಚರುಗಳು ಎದ್ದು ಹೊರಗೆ ಹೋದರು. ಕೆಲವು ಮಕ್ಕಳೂ ಹೋದರು. ಒಳಗೆ ಕೂತವರಿಗೆ ಪ್ರಶ್ನೆ ಕೇಳಲು ಅವಕಾಶ ಇರಲಿಲ್ಲ. ವಿಜ್ಞಾನದ ತರಗತಿಯಲ್ಲಿ, ಪ್ರಶ್ನೆ ಕೇಳಬಾರದ ಒಂದು ನಿಮಿಷ!

ಅಷ್ಟರಲ್ಲಾಗಲೇ, ಅಂದರೆ 2004ರ ಡಿಸೆಂಬರ್ 14ರಂದು, ಹನ್ನೊಂದು ಜನ ಪೋಷಕರು ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದ್ದರು. ಮೊದಲ ಹೆಸರು ಟ್ಯಾಮಿ ಕಿಟ್ಸ್‌ಮಿಲ್ಲರ್ ಅನ್ನುವ ತಾಯಿಯದು. ಹಾಗಾಗಿ ಆ ಪ್ರಕರಣಕ್ಕೆ ಇವತ್ತಿಗೂ ಅವರದೇ ಹೆಸರು.

*

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಲ್ಲದಿದ್ದರೆ 'ಪಾಂಡಾಸ್' ಪುಸ್ತಕ ದೇವರ ಹೆಸರು ಯಾಕೆ ಎತ್ತಲಿಲ್ಲ ಅನ್ನೋದು ಅರ್ಥ ಆಗಲ್ಲ.

1925ರಲ್ಲಿ ಟೆನೆಸ್ಸೀ ರಾಜ್ಯ ಒಂದು ಕಾನೂನು ಮಾಡಿತು. ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದ ಅಂತ ಸರ್ಕಾರಿ ಶಾಲೆಯಲ್ಲಿ ಕಲಿಸುವುದು ಅಪರಾಧ. ಅದೇ ವರ್ಷ ಡೇಟನ್ ಊರಿನ ಜಾನ್ ಸ್ಕೋಪ್ಸ್ ಎಂಬ ತರುಣ ಮೇಷ್ಟರ ಮೇಲೆ ಕೇಸು ನಡೆಯಿತು. ಮೇಷ್ಟರ ಪರ ಕ್ಲಾರೆನ್ಸ್ ಡ್ಯಾರೋ, ಎದುರಿಗೆ ವಿಲಿಯಂ ಜೆನ್ನಿಂಗ್ಸ್ ಬ್ರಯನ್. ಇಬ್ಬರೂ ಆ ಕಾಲದ ಘಟಾನುಘಟಿಗಳು. ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ಆಮೇಲೆ ತಾಂತ್ರಿಕ ಕಾರಣಕ್ಕೆ ಅದು ರದ್ದಾಯಿತು. ಕಾನೂನು ಮಾತ್ರ 1967ರವರೆಗೂ ಪುಸ್ತಕದಲ್ಲೇ ಇತ್ತು.

1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಅರ್ಕನ್ಸಾಸ್ ರಾಜ್ಯದ ಪ್ರಕರಣವೊಂದರಲ್ಲಿ, ವಿಕಾಸ ಕಲಿಸಬಾರದು ಅನ್ನುವ ಕಾನೂನೇ ಸಂವಿಧಾನಕ್ಕೆ ವಿರುದ್ಧ ಅಂದಿತು. ಸರ್ಕಾರ ಯಾವ ಮತದ ಪರವಾಗಿಯೂ ನಿಲ್ಲುವಂತಿಲ್ಲ ಅನ್ನೋದು ಅವರ ಸಂವಿಧಾನದ ಮೊದಲ ತಿದ್ದುಪಡಿ. ಬಾಗಿಲು ಮುಚ್ಚಿತು. ಆಗ ಕಿಟಕಿ ಹುಡುಕಿದರು. ಸೃಷ್ಟಿವಾದಕ್ಕೆ 'ಸೃಷ್ಟಿ ವಿಜ್ಞಾನ' ಅಂತ ಹೊಸ ಹೆಸರಿಟ್ಟು, ಡಾರ್ವಿನ್ನನನ್ನು ಕಲಿಸಿದರೆ ಇದನ್ನೂ ಸರಿಸಮ ಕಲಿಸಬೇಕು ಅಂತ ಅರ್ಕನ್ಸಾಸ್, ಲೂಸಿಯಾನಾ ರಾಜ್ಯಗಳು 1981ರಲ್ಲಿ ಕಾನೂನು ತಂದವು. ಎರಡೂ ಕಡೆ ಹೇಳಿಕೊಡೋದು ನ್ಯಾಯ ತಾನೆ ಅನ್ನುವ ಮಾತು ಕಾನೂನಿನ ರೂಪ ತಾಳಿದ್ದು ಹೀಗೆ. 1982ರಲ್ಲಿ ಅರ್ಕನ್ಸಾಸ್ ಕಾನೂನು ಬಿತ್ತು. 1987ರ ಜೂನ್ 19ರಂದು ಸುಪ್ರೀಂ ಕೋರ್ಟು, ಏಳು-ಎರಡರ ಬಹುಮತದಲ್ಲಿ, ಲೂಸಿಯಾನಾದ ಕಾನೂನನ್ನೂ ಹೊಡೆದುಹಾಕಿತು. ಸೃಷ್ಟಿ ವಿಜ್ಞಾನ ಅನ್ನುವುದು ಮತದ ಬೋಧನೆಯೇ, ಅದನ್ನು ಸರ್ಕಾರಿ ಶಾಲೆಯಲ್ಲಿ ಕಡ್ಡಾಯ ಮಾಡುವಂತಿಲ್ಲ ಅಂತ.

ಆ 1987ರ ಇಸವಿ ನೆನಪಿಟ್ಟುಕೊಳ್ಳಿ. ಡೋವರ್ ಕಥೆಯ ಕೀಲಿಕೈ ಅದರಲ್ಲೇ ಇದೆ.

*

ಡೋವರ್ ವಿಚಾರಣೆ ಹ್ಯಾರಿಸ್‌ಬರ್ಗ್ ನಗರದಲ್ಲಿ 2005ರ ಸೆಪ್ಟೆಂಬರ್ 26ಕ್ಕೆ ಶುರುವಾಯಿತು. ನ್ಯಾಯಾಧೀಶ ಜಾನ್ ಜೋನ್ಸ್. ರಿಪಬ್ಲಿಕನ್ ಪಕ್ಷದ ಹಿನ್ನೆಲೆಯವರು, ಅಧ್ಯಕ್ಷ ಜಾರ್ಜ್ ಬುಷ್ ಅವರೇ ನೇಮಿಸಿದವರು. ಅದೇ ಆಗಸ್ಟಿನಲ್ಲಿ ಬುಷ್ ಎರಡೂ ಕಡೆ ಕಲಿಸಬೇಕು ಅಂದಿದ್ದರು. ಹಾಗಾಗಿ ಇಂಟೆಲಿಜೆಂಟ್ ಡಿಸೈನ್ ಪರದವರಲ್ಲಿ ಬಹಳ ಮಂದಿ ನ್ಯಾಯಾಧೀಶರು ನಮ್ಮವರೇ ಅಂದುಕೊಂಡಿದ್ದರು.

ಮೊದಲ ಸಾಕ್ಷಿ ಕೆನೆತ್ ಮಿಲ್ಲರ್. ಬೋರ್ಡು ಬೇಡ ಅಂದಿತ್ತಲ್ಲ, ಅದೇ ಪಠ್ಯಪುಸ್ತಕ ಬರೆದವರು. ಬ್ರೌನ್ ಯೂನಿವರ್ಸಿಟಿಯ ಜೀವವಿಜ್ಞಾನಿ, ಜೊತೆಗೆ ಶ್ರದ್ಧಾವಂತ ಕ್ಯಾಥೊಲಿಕ್. ನನ್ನ ಅಳಿಯನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಆಡುಮಾತಿನಲ್ಲಿ ಥಿಯರಿ ಅಂದರೆ ನನಗನ್ನಿಸಿದ್ದು ಅಂತ ಅರ್ಥ. ವಿಜ್ಞಾನದಲ್ಲಿ ಹಾಗಲ್ಲ. ನೂರಾರು ಸಂಗತಿಗಳನ್ನು ಒಟ್ಟಿಗೆ ಹೆಣೆದು ವಿವರಿಸುವ, ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡಿದ ವಿವರಣೆಗೆ ಆ ಹೆಸರು. ರೋಗಾಣುಗಳಿಂದ ರೋಗ ಬರುತ್ತದೆ ಅನ್ನುವುದೂ ಥಿಯರಿಯೇ. ಆದರೂ ಆಪರೇಷನ್ನಿಗೆ ಮುಂಚೆ ಡಾಕ್ಟರು ಕೈ ತೊಳೆಯದಿದ್ದರೆ ನಾವು ಸುಮ್ಮನಿರ್ತೀವಾ?

ಮಿಲ್ಲರ್ ಕೊಟ್ಟ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಮನುಷ್ಯನಿಗೆ 23 ಜೊತೆ ವರ್ಣತಂತುಗಳು, ಚಿಂಪಾಂಜಿ ಗೊರಿಲ್ಲಾಗಳಿಗೆ 24 ಜೊತೆ. ಇಬ್ಬರಿಗೂ ಒಬ್ಬನೇ ಪೂರ್ವಜ ಅನ್ನೋದಾದರೆ ಒಂದು ಜೊತೆ ಎಲ್ಲಿ ಹೋಯಿತು? ಸುಮ್ಮನೆ ಮಾಯವಾಗಿದ್ದರೆ ಜೀವವೇ ಉಳಿಯುತ್ತಿರಲಿಲ್ಲ. ಎರಡು ವರ್ಣತಂತುಗಳು ಎಲ್ಲೋ ಬೆಸೆದುಕೊಂಡಿರಬೇಕು. ಹಾಗಿದ್ದರೆ ಬೆಸುಗೆಯ ಗುರುತು ಸಿಗಬೇಕು. ಪ್ರತಿ ವರ್ಣತಂತುವಿನ ಎರಡೂ ತುದಿಯಲ್ಲಿ ಟೆಲೊಮಿಯರ್ ಅನ್ನುವ ವಿಶೇಷ ಭಾಗ ಇರುತ್ತದೆ, ನಡುವೆ ಸೆಂಟ್ರೊಮಿಯರ್ ಅನ್ನುವ ಒಂದು ಭಾಗ. ಬೆಸೆದಿದ್ದರೆ ತುದಿಯಲ್ಲಿ ಇರಬೇಕಾದದ್ದು ಮಧ್ಯದಲ್ಲಿ ಸಿಗಬೇಕು, ಒಂದೇ ಇರಬೇಕಾದ ಸೆಂಟ್ರೊಮಿಯರಿನ ಜಾಗದಲ್ಲಿ ಎರಡರ ಕುರುಹು ಇರಬೇಕು. ಹುಡುಕಿದಾಗ ಮನುಷ್ಯನ ಎರಡನೇ ವರ್ಣತಂತುವಿನಲ್ಲಿ ಇದೆಲ್ಲ ಸಿಕ್ಕಿತು. ಸಿಗದಿದ್ದರೆ ಸಿದ್ಧಾಂತಕ್ಕೆ ಪೆಟ್ಟು ಬೀಳುತ್ತಿತ್ತು. ತಪ್ಪು ಅಂತ ಸಾಬೀತಾಗುವ ಅಪಾಯಕ್ಕೆ ಕೊರಳು ಕೊಟ್ಟು ಗೆದ್ದು ಬರುವುದು ಅಂದರೆ ಇದು.

ಇಂಥದೇ ಇನ್ನೊಂದು ಉದಾಹರಣೆ ಚಿತ್ರದಲ್ಲಿದೆ, ಕೋರ್ಟಿನಲ್ಲಿ ಬಂದದ್ದಲ್ಲ. ನೀಲ್ ಶೂಬಿನ್ ಮತ್ತು ಜೊತೆಗಾರರು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಸುಮಾರು 37.5 ಕೋಟಿ ವರ್ಷ ಹಳೆಯ 'ಟಿಕ್ಟಾಲಿಕ್' ಪಳೆಯುಳಿಕೆಯನ್ನು ಕಂಡುಹಿಡಿದ ಕಥೆ. ಮೀನಿನ ಹಾಗೆ ಹುರುಪೆ, ರೆಕ್ಕೆ ಇವೆ. ರೆಕ್ಕೆಯೊಳಗೆ ಮೊಣಕೈ, ಮಣಿಕಟ್ಟಿನಂಥ ಮೂಳೆಗಳಿವೆ. ಇವರು ಅಲ್ಲಿಗೆ ಅದೃಷ್ಟ ನಂಬಿ ಹೋಗಿರಲಿಲ್ಲ. ನೀರಿನಿಂದ ನೆಲಕ್ಕೆ ಬಂದ ಜೀವಿಗಳು ಇರಬೇಕಾದ ವಯಸ್ಸಿನ ಬಂಡೆ ಎಲ್ಲಿದೆ ಅಂತ ಲೆಕ್ಕ ಹಾಕಿ ಹೋಗಿದ್ದರು. ಅದನ್ನು ಜಗತ್ತಿಗೆ ತಿಳಿಸಿದ್ದು 2006ರ ಏಪ್ರಿಲ್‌ನಲ್ಲಿ, ತೀರ್ಪು ಬಂದ ಮೇಲೆ.

ಎದುರು ಪಕ್ಷದ ದೊಡ್ಡ ಸಾಕ್ಷಿ ಮೈಕೆಲ್ ಬೀಹಿ. ಲೀಹೈ ಯೂನಿವರ್ಸಿಟಿಯ ಜೀವರಸಾಯನ ಶಾಸ್ತ್ರಜ್ಞ. ಇವರ ವಾದ ಕೇಳಲು ಸೊಗಸಾಗಿದೆ. ಒಂದು ಇಲಿಬೋನು ತಗೊಳ್ಳಿ. ಹಲಗೆ, ಸ್ಪ್ರಿಂಗು, ಕೊಕ್ಕೆ, ಹೊಡೆಯುವ ಸರಳು. ಒಂದನ್ನು ತೆಗೆದರೂ ಇಲಿ ಬೀಳುವುದಿಲ್ಲ. ಅಂಥ ಯಂತ್ರ ಹಂತಹಂತವಾಗಿ ಆಗಲು ಸಾಧ್ಯವಿಲ್ಲ, ಒಟ್ಟಿಗೇ ಮಾಡಿರಬೇಕು. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲವೂ ಹಾಗೇ, ಒಳ್ಳೇ ಮೋಟಾರಿನಂತೆ ತಿರುಗುತ್ತದೆ, ಒಂದು ಭಾಗ ತೆಗೆದರೂ ಕೆಡುತ್ತದೆ ಅಂತ. ಮಿಲ್ಲರ್ ಕೊಟ್ಟ ಉತ್ತರ ಸರಳ. ಬಾಲದ ಬುಡದಲ್ಲಿರುವ ಪ್ರೋಟೀನುಗಳನ್ನೇ ಹೋಲುವ, ಕಡಿಮೆ ಭಾಗಗಳ ಒಂದು ವ್ಯವಸ್ಥೆ ಕೆಲವು ರೋಗಾಣುಗಳಲ್ಲಿ ಇದೆ. ಅದು ಈಜಲು ಅಲ್ಲ, ವಿಷ ಚುಚ್ಚಲು. ಅಂದರೆ ಭಾಗಗಳು ಬೇರೆ ಕೆಲಸ ಮಾಡಿಕೊಂಡಿದ್ದು ಆಮೇಲೆ ಹೊಸ ಕೆಲಸಕ್ಕೆ ಒದಗಬಹುದು. ಹಳೇ ಸೀರೆ ಕೌದಿಯಾಗುವುದಿಲ್ಲವೇ, ಹಾಗೆ.

ಪಾಟೀಸವಾಲಿನಲ್ಲಿ ಪೋಷಕರ ಪರ ವಕೀಲ ಎರಿಕ್ ರಾತ್ಸ್‌ಚೈಲ್ಡ್ ಬೀಹಿಯವರನ್ನು ಎರಡು ಕಡೆ ಸಿಕ್ಕಿಸಿದರು. ವಿಜ್ಞಾನಕ್ಕೆ ನೀವು ಕೊಡುವ ವ್ಯಾಖ್ಯೆಯಲ್ಲಿ ಜ್ಯೋತಿಷ್ಯವೂ ಬರುತ್ತದಲ್ಲವೇ ಎಂದು ಕೇಳಿದಾಗ ಬೀಹಿ ಹೌದೆನ್ನಬೇಕಾಯಿತು. ದೇಹದ ರೋಗನಿರೋಧಕ ವ್ಯವಸ್ಥೆ ಹೇಗೆ ವಿಕಾಸವಾಯಿತು ಅನ್ನುವುದಕ್ಕೆ ವಿಜ್ಞಾನದಲ್ಲಿ ಉತ್ತರವೇ ಇಲ್ಲ ಅಂತ ಅವರು ಬರೆದಿದ್ದರು. ರಾತ್ಸ್‌ಚೈಲ್ಡ್ ಆ ವಿಷಯದ 58 ಸಂಶೋಧನಾ ಲೇಖನಗಳನ್ನೂ ಒಂಬತ್ತು ಪುಸ್ತಕಗಳನ್ನೂ ಅವರ ಮುಂದೆ ಪೇರಿಸಿದರು. ಇಷ್ಟು ಸಾಲದು ಅನ್ನುವುದೇ ಅವರ ಉತ್ತರವಾಗಿತ್ತು.

*

ಇಷ್ಟಾದರೂ ಬೋರ್ಡಿಗೆ ಒಂದು ಗುರಾಣಿ ಇತ್ತು. ನಾವೆಲ್ಲಿ ದೇವರ ಹೆಸರು ಹೇಳಿದ್ದೀವಿ? ಇದು ಮತ ಅಲ್ಲ, ವಿಜ್ಞಾನ. ಸೃಷ್ಟಿವಾದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಇಲ್ಲಿ ಲೂಸಿಯಾನಾದಿಂದ ಬಂದ ಬಾರ್ಬರಾ ಫಾರೆಸ್ಟ್ ಎಂಬ ತತ್ವಶಾಸ್ತ್ರದ ಪ್ರೊಫೆಸರ್ ಸಾಕ್ಷಿ ಕಟ್ಟೆ ಹತ್ತಿದರು. 'ಪಾಂಡಾಸ್' ಪುಸ್ತಕ ಅಚ್ಚಾದದ್ದು 1989ರಲ್ಲಿ. ಅದರ ಹಳೆಯ ಕರಡುಗಳನ್ನು ಕೋರ್ಟಿನ ಮೂಲಕ ತರಿಸಿಕೊಂಡು ಸಾಲಾಗಿ ಇಟ್ಟು ಓದಿದ್ದರು. 1987ರ ತೀರ್ಪಿನ ಮುಂಚಿನ ಕರಡುಗಳಲ್ಲಿ ಸೃಷ್ಟಿ, ಸೃಷ್ಟಿವಾದಿಗಳು ಅನ್ನುವ ಪದಗಳೇ ಇದ್ದವು. ತೀರ್ಪು ಬಂದ ಮೇಲಿನ ಕರಡಿನಲ್ಲಿ ಅವೇ ಜಾಗಗಳಲ್ಲಿ, ಸುಮಾರು 150 ಕಡೆ, ಇಂಟೆಲಿಜೆಂಟ್ ಡಿಸೈನ್ ಬಂದು ಕೂತಿತ್ತು. ಮೀನಿಗೆ ರೆಕ್ಕೆ ಹುರುಪೆ, ಹಕ್ಕಿಗೆ ಗರಿ ಕೊಕ್ಕು ಎಲ್ಲ ಒಟ್ಟಿಗೇ ಸಿದ್ಧವಾಗಿ ಬಂದವು ಅನ್ನುವ ವ್ಯಾಖ್ಯೆ ಹಾಗೇ ಇತ್ತು. ಹೆಸರು ಮಾತ್ರ ಬೇರೆ.

ಒಂದು ಕಡೆಯಂತೂ ಕೈ ಜಾರಿತ್ತು. 'ಕ್ರಿಯೇಷನಿಸ್ಟ್ಸ್' ಅನ್ನುವುದನ್ನು ಅಳಿಸಿ 'ಡಿಸೈನ್ ಪ್ರೊಪೊನೆಂಟ್ಸ್' ಅಂತ ಹಾಕಬೇಕಿತ್ತು. ಅಳಿಸಿದವರು ಹಳೇ ಪದದ ಮೊದಲ ಅಕ್ಷರವನ್ನೂ ಬಾಲವನ್ನೂ ಬಿಟ್ಟುಬಿಟ್ಟಿದ್ದರು. ಆದದ್ದು 'ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್'. ಕನ್ನಡದಲ್ಲಿ ಊಹಿಸಿಕೊಳ್ಳಿ, 'ಸೃಷ್ಟಿವಾದಿಗಳು' ಅಳಿಸಿ 'ವಿನ್ಯಾಸವಾದಿಗಳು' ಮಾಡಲು ಹೋಗಿ 'ಸೃವಿನ್ಯಾಸವಾದಿಗಳುದಿಗಳು' ಅಂತ ಉಳಿದ ಹಾಗೆ. ಅಕ್ಕನ ಮಗ ಬಿದ್ದು ಬಿದ್ದು ನಕ್ಕ. ಆಮೇಲೆ ಅವನೇ ಹೇಳಿದ, "ಮಾಮ, ಇದೇ ಒಂಥರಾ ಟಿಕ್ಟಾಲಿಕ್ ಅಲ್ವಾ?" ಹೌದಲ್ಲ! ಹಳೇ ಜೀವಿಗೂ ಹೊಸ ಜೀವಿಗೂ ನಡುವಿನ ಕೊಂಡಿ ತೋರಿಸಿ ಅಂತ ಕೇಳುತ್ತಿದ್ದವರ ಪುಸ್ತಕದಲ್ಲೇ ಅಂಥದೊಂದು ಕೊಂಡಿ ಪಳೆಯುಳಿಕೆಯಾಗಿ ಕೂತಿತ್ತು.

ಇನ್ನು ಆ ಅರವತ್ತು ಪ್ರತಿಗಳ ವಿಷಯ. ಹಣ ಎಲ್ಲಿಂದ ಬಂತು ಗೊತ್ತಿಲ್ಲ ಅಂತ ಬೋರ್ಡಿನವರು ವಿಚಾರಣೆಗೆ ಮುಂಚೆ ಪ್ರಮಾಣ ಮಾಡಿ ಹೇಳಿದ್ದರು. ಕೋರ್ಟಿನಲ್ಲಿ 850 ಡಾಲರಿನ ಚೆಕ್ ಹೊರಬಂತು. ಬಕಿಂಗ್‌ಹ್ಯಾಮ್ ತಮ್ಮ ಚರ್ಚಿನಲ್ಲೇ ಹಣ ಕೂಡಿಸಿ, ಬೋರ್ಡಿನ ಇನ್ನೊಬ್ಬ ಸದಸ್ಯ ಅಲನ್ ಬಾನ್ಸೆಲ್ ಅವರ ತಂದೆಯ ಹೆಸರಿಗೆ ಬರೆದ ಚೆಕ್ ಅದು. ಅಲ್ಲಿಯವರೆಗೆ ಕೇಳಿಸಿಕೊಳ್ಳುತ್ತಿದ್ದ ನ್ಯಾಯಾಧೀಶ ಜೋನ್ಸ್ ಆಗ ತಾವೇ ಬಾನ್ಸೆಲ್ ಅವರನ್ನು ಪ್ರಶ್ನಿಸಲು ಶುರು ಮಾಡಿದರು. ಮೀಟಿಂಗಿನಲ್ಲಿ ಸೃಷ್ಟಿವಾದ ಅನ್ನುವ ಪದವನ್ನೇ ನಾನು ಬಳಸಿಲ್ಲ, ಪತ್ರಿಕೆಯವರು ಸುಳ್ಳು ಬರೆದರು ಎಂಬುದು ಬಕಿಂಗ್‌ಹ್ಯಾಮ್ ವಾದ. ಅವರೇ ಟೀವಿ ಕ್ಯಾಮೆರಾದ ಮುಂದೆ ಆ ಪದ ಬಳಸಿದ ತುಣುಕನ್ನು ಕೋರ್ಟಿನಲ್ಲಿ ಹಾಕಿ ತೋರಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತಾರಲ್ಲ, ಇಲ್ಲಿ ಹೆಗಲ ಮೇಲೆ ಬೂದಿ ಕಾಣುತ್ತಲೇ ಇತ್ತು.

*

ನವೆಂಬರ್ 4ಕ್ಕೆ ವಿಚಾರಣೆ ಮುಗಿಯಿತು. ಶುರುವಾಗಿ ಅಂದಿಗೆ ನಲವತ್ತನೇ ದಿನ. ಬೈಬಲಿನ ಪ್ರಳಯದ ಮಳೆಯೂ ನಲವತ್ತು ಹಗಲು ನಲವತ್ತು ರಾತ್ರಿ. ಬೋರ್ಡಿನ ವಕೀಲರು ಇದನ್ನು ನೆನಪಿಸಿ, ಬೇಕೆಂದೇ ಹೀಗೆ ಮಾಡಿದಿರಾ ಅಂತ ತಮಾಷೆಗೆ ಕೇಳಿದರು. ಕಾಕತಾಳೀಯ ಹೌದು, ಆದರೆ ವಿನ್ಯಾಸ ಮಾಡಿದ್ದಲ್ಲ ಅಂತ ಜೋನ್ಸ್ ನಗುತ್ತಾ ಉತ್ತರಿಸಿದರು. ಇಡೀ ಕೋರ್ಟು ನಕ್ಕಿತು.

ನಾಲ್ಕೇ ದಿನಕ್ಕೆ, ನವೆಂಬರ್ 8ರಂದು, ಡೋವರ್‌ನಲ್ಲಿ ಸ್ಕೂಲ್ ಬೋರ್ಡಿನ ಚುನಾವಣೆ. ತೀರ್ಪು ಇನ್ನೂ ಬಂದಿರಲಿಲ್ಲ. ನಿರ್ಣಯದ ಪರವಾಗಿದ್ದು ಚುನಾವಣೆಗೆ ನಿಂತ ಎಂಟೂ ಸದಸ್ಯರು ಸೋತರು. ಗೆದ್ದವರಲ್ಲಿ ಬ್ರಯನ್ ರೀಮ್ ಒಬ್ಬರು. ಅದೇ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದು ಬಿಟ್ಟುಹೋದ ಮೇಷ್ಟರು, ದಾವೆ ಹೂಡಿದ ಹನ್ನೊಂದು ಜನರಲ್ಲಿ ಒಬ್ಬರು, ತಮ್ಮ ಚರ್ಚಿನ ಕೆಲಸದಲ್ಲೂ ಸಕ್ರಿಯರು. ನಿಮ್ಮೂರಿಗೆ ಕಷ್ಟ ಬಂದರೆ ದೇವರ ಹತ್ತಿರ ಹೋಗಬೇಡಿ, ಅವನನ್ನು ನೀವೇ ಆಚೆ ಹಾಕಿದ್ದೀರಿ ಅಂತ ಟೀವಿ ಧರ್ಮಪ್ರಚಾರಕ ಪ್ಯಾಟ್ ರಾಬರ್ಟ್‌ಸನ್ ಡೋವರ್ ಜನಕ್ಕೆ ಎಚ್ಚರಿಕೆ ಕೊಟ್ಟರು.

2005ರ ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಬಂತು. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಅದರ ಬೇರು ಸೃಷ್ಟಿವಾದದಲ್ಲೇ ಇದೆ, ಬೋರ್ಡಿನ ನಿರ್ಣಯ ಸಂವಿಧಾನಕ್ಕೆ ವಿರುದ್ಧ. ಡಾರ್ವಿನ್ ಸಿದ್ಧಾಂತ ಪರಿಪೂರ್ಣ ಅಲ್ಲದಿರಬಹುದು, ಎಲ್ಲದಕ್ಕೂ ಅದು ಉತ್ತರ ಕೊಡಲು ಆಗದಿರಬಹುದು, ಹಾಗಂತ ಪರೀಕ್ಷೆಗೆ ಸಿಗದ ಮತದ ನಂಬಿಕೆಯೊಂದನ್ನು ವಿಜ್ಞಾನದ ತರಗತಿಗೆ ನುಗ್ಗಿಸಲು ಅದು ನೆಪವಾಗಬಾರದು ಅಂತಲೂ ಜೋನ್ಸ್ ಹೇಳಿದರು. ಅವರನ್ನು ಹೆಚ್ಚು ನೋಯಿಸಿದ್ದು ಇನ್ನೊಂದು ವಿಷಯ ಅಂತ ಕಾಣುತ್ತದೆ. ತಮ್ಮ ದೈವಭಕ್ತಿಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವರೇ ತಮ್ಮ ಉದ್ದೇಶ ಮುಚ್ಚಿಡಲು ಮತ್ತೆ ಮತ್ತೆ ಸುಳ್ಳು ಹೇಳಿದ್ದನ್ನು ತೀರ್ಪು ವಿಪರ್ಯಾಸ ಅಂತ ಕರೆಯಿತು.

ಆಮೇಲೆ ನ್ಯಾಯಾಧೀಶರಿಗೆ ಕೊಲೆ ಬೆದರಿಕೆಗಳು ಬಂದವು. ಅವರಿಗೂ ಕುಟುಂಬಕ್ಕೂ ಪೊಲೀಸ್ ಕಾವಲು ಬೇಕಾಯಿತು. ಹೊಸ ಬೋರ್ಡು ಮೇಲ್ಮನವಿಗೆ ಹೋಗಲಿಲ್ಲ, ನಿರ್ಣಯವನ್ನು ರದ್ದು ಮಾಡಿತು. ಪೋಷಕರ ಕೋರ್ಟು ಖರ್ಚಿಗೆ ಶಾಲೆಯ ಬೊಕ್ಕಸದಿಂದ ಹತ್ತು ಲಕ್ಷ ಡಾಲರಿಗೂ ಸ್ವಲ್ಪ ಹೆಚ್ಚು ಕೊಡಬೇಕಾಯಿತು. ಮಕ್ಕಳಿಗೆ ಖರ್ಚಾಗಬೇಕಿದ್ದ ಊರಿನವರ ತೆರಿಗೆ ಹಣ ಅದು.

*

ಈ ವಾದದ ಮೇಲೆ ಬೇರೆ ಚಿತ್ರಗಳೂ ಇವೆ. ರಾಂಡಿ ಓಲ್ಸನ್ ಅವರ 'ಫ್ಲಾಕ್ ಆಫ್ ಡೋಡೋಸ್' (2006) ವಿಜ್ಞಾನಿಗಳಿಗೆ ಜನರ ಜೊತೆ ಮಾತಾಡಲು ಬರುವುದಿಲ್ಲ ಅಂತ ಅವರ ಕಾಲೆಳೆಯುತ್ತದೆ. ಬೆನ್ ಸ್ಟೈನ್ ಕಾಣಿಸಿಕೊಂಡ 'ಎಕ್ಸ್‌ಪೆಲ್ಡ್' (2008) ಎದುರು ಪಕ್ಷದ್ದು, ಇಂಟೆಲಿಜೆಂಟ್ ಡಿಸೈನ್ ಪರದವರನ್ನು ಯೂನಿವರ್ಸಿಟಿಗಳಿಂದ ಹೊರಗೆ ದಬ್ಬುತ್ತಿದ್ದಾರೆ ಅನ್ನುತ್ತದೆ. 'ಜಡ್ಜ್‌ಮೆಂಟ್ ಡೇ' ನನಗೆ ಹೆಚ್ಚು ಇಷ್ಟವಾಗುವುದು ಅದು ದೇವರಿದ್ದಾನೋ ಇಲ್ಲವೋ ಅನ್ನುವ ಗೋಜಿಗೆ ಹೋಗದ ಕಾರಣಕ್ಕೆ. ಪಠ್ಯಪುಸ್ತಕ ಬರೆದ ಮಿಲ್ಲರ್ ಆಸ್ತಿಕರು, ಚುನಾವಣೆ ಗೆದ್ದ ರೀಮ್ ಆಸ್ತಿಕರು. ಡೋವರ್‌ನಲ್ಲಿ ಸೋತದ್ದು ದೇವರಲ್ಲ. ಮಕ್ಕಳ ಮುಂದೆ ಒಂದನ್ನು ಇನ್ನೊಂದು ಅಂತ ಹೇಳಿ ದಾಟಿಸುವ ಜಾಣತನ. ಎರಡೂ ಕಡೆ ಹೇಳಿಕೊಡಿ ಅನ್ನುವಾಗ ಎರಡನೆಯದೂ ವಿಜ್ಞಾನದ ಪರೀಕ್ಷೆ ಬರೆದು ಪಾಸಾಗಿರಬೇಕು ತಾನೆ? ಪರೀಕ್ಷೆಗೇ ಕೂರದೆ ಅಂಕಪಟ್ಟಿ ಕೇಳಿದರೆ ಅದು ನ್ಯಾಯ ಹೇಗಾದೀತು?

ಇದೆಲ್ಲ ಅಮೆರಿಕದ ಕಥೆ, ನಮಗ್ಯಾಕೆ ಅನ್ನಬಹುದು. 2018ರ ಜನವರಿಯಲ್ಲಿ ನಮ್ಮ ಕೇಂದ್ರದ ಶಿಕ್ಷಣ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಜರ್‍ಯಾರೂ ನೋಡಿಲ್ಲ, ಡಾರ್ವಿನ್ ತಪ್ಪು, ಪಠ್ಯ ಬದಲಾಗಬೇಕು ಅಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ ದೇಶದ ಮೂರೂ ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಅದನ್ನು ಅಲ್ಲಗಳೆದವು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠ ಹೊರಗೆ ಹೋಯಿತು. ಕೊಟ್ಟ ಕಾರಣ ಧರ್ಮದ್ದಲ್ಲ, ಮಕ್ಕಳ ಮೇಲಿನ ಹೊರೆ ಇಳಿಸುವುದು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಪಾಠ ಉಳಿದಿದೆ ನಿಜ. ಆದರೆ ಹತ್ತರ ಆಚೆ ಜೀವಶಾಸ್ತ್ರ ತಗೊಳ್ಳುವ ಮಕ್ಕಳು ಎಷ್ಟು ಜನ? ಡೋವರ್‌ನಲ್ಲಿ ವಿಕಾಸದ ಪಾಠಕ್ಕೆ ಮುಂಚೆ ಒಂದು ನಿಮಿಷ ಸೇರಿಸಿದರು. ಇಲ್ಲಿ ಪಾಠವನ್ನೇ ಕಳೆದರು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿ 'ಮಿಸ್ಸಿಂಗ್ ಲಿಂಕ್' ಬರೆದು ಮನುಷ್ಯನ ಪೂರ್ವಜರ ಹುಡುಕಾಟವನ್ನು ಪತ್ತೇದಾರಿಯಷ್ಟು ರೋಚಕ ಮಾಡಿಟ್ಟಿದ್ದಾರೆ. ಅದನ್ನು ಕೈಗೆತ್ತಿಕೊಳ್ಳಬೇಕು ಅಂತ ಹುಡುಗನಿಗೆ ಅನ್ನಿಸಬೇಕಾದರೆ ಮೊದಲು ಯಾರೋ ಮೇಷ್ಟರು ತರಗತಿಯಲ್ಲಿ ಆ ವಿಷಯ ಎತ್ತಿರಬೇಕಲ್ಲ.

ಚಿತ್ರ ಮುಗಿದಾಗ ರಾತ್ರಿ ಹನ್ನೊಂದು ದಾಟಿತ್ತು. ನಾನು ತೀರ್ಪಿನ ಬಗ್ಗೆ ಏನೋ ಹೇಳಲು ಹೊರಟೆ. ಅಕ್ಕನ ಮಗ ಬೇರೆ ಲೋಕದಲ್ಲಿದ್ದ. "ಮಾಮ, ಆ ಟೀಚರುಗಳು ಓದಲ್ಲ ಅಂದ್ರಲ್ಲ, ಅವಾಗ ಅವರಿಗೆ ಗೆಲ್ತೀವಿ ಅಂತ ಗೊತ್ತಿತ್ತಾ?"

ಇಲ್ಲ ಕಣೋ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, "ನಮ್ಮ ಬಯಾಲಜಿ ಮಿಸ್ಸನ್ನ ಕೇಳಬೇಕು" ಅಂತ ಎದ್ದು ಮಲಗಲು ಹೋದ. ಏನು ಕೇಳಬೇಕು ಅಂತ ನಾನು ವಿಚಾರಿಸಲಿಲ್ಲ. ಪ್ರಶ್ನೆ ಕೇಳಲು ಅವಕಾಶವಿರುವ ತರಗತಿಗೆ ಅವನು ಹೋಗುತ್ತಿದ್ದಾನೆ. ಸದ್ಯಕ್ಕೆ ಅಷ್ಟು ಸಾಕು.